ನಾಲ್ಕಕ್ಕೊಮ್ಮೆ, ಆರಕ್ಕೊಮ್ಮೆ

ಆಗಸ್ಟ್ 13ರ ಮಧ್ಯಾಹ್ನ ಪಾಮನಕಲ್ಲೂರಿನ ನಮ್ಮ ಅಜ್ಜಿಯ ಮನೆಯಲ್ಲಿ ಎರಡು ಮಣೆ ಹಾಕಲಾಗಿತ್ತು. ಒಂದರ ಮೇಲೆ ನನ್ನ ತಂಗಿ ರೇಣುಕಾ ಕುಳಿತಿದ್ದಳು. ಇನ್ನೊಂದು ಖಾಲಿ ಇತ್ತು. ಅದರ ಮೇಲೆ ಕೂರಬೇಕಾಗಿದ್ದ ಆಕೆಯ ಗಂಡ ಅಮರೇಶ ಆ ಹೊತ್ತಿಗೆ ಸಿಂಧನೂರಿನಿಂದ ಲಿಂಗಸುಗೂರಿಗೆ ಬಸ್ಸು ಓಡಿಸುತ್ತಿದ್ದ. ಆ ದಿನ ಇಬ್ಬರಿಗೂ ರಜೆ ಇರುತ್ತದೆಂದು ಲೆಕ್ಕ ಹಾಕಿ ಮನೆಯವರಿಗೆಲ್ಲ ಹೇಳಿದವನು ನಾನು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇದೆ. ಮದುವೆಯಾದ ಜೋಡಿ ಮೊದಲು ಹೆಣ್ಣಿನ ಅಜ್ಜಿಯ ಮನೆಯಲ್ಲಿ ಅಕ್ಕಪಕ್ಕ ಕೂತು ಉಣ್ಣಬೇಕು. ಆಮೇಲಷ್ಟೇ ಉಳಿದ ನೆಂಟರು ಅವರನ್ನು ಊಟಕ್ಕೆ ಕರೆಯಬಹುದು. ಒಬ್ಬರೇ ಬಂದು ಉಂಡರೆ ಅದು ಬರೀ ಊಟ, ಲೆಕ್ಕಕ್ಕಿಲ್ಲ. ರೇಣುಕಾಳ ಮದುವೆಯಾದದ್ದು ಮೇ ತಿಂಗಳಲ್ಲಿ. ಆಗಸ್ಟ್ ಅರ್ಧ ಕಳೆಯುತ್ತ ಬಂದರೂ ಆ ಮೊದಲ ಊಟ ಆಗಿರಲಿಲ್ಲ. ಮುಕ್ಕುಂದದ ಸೋದರಮಾವ, ಗೊರೇಬಾಳದ ಚಿಕ್ಕಮ್ಮ, ಎಲ್ಲರೂ ಸರದಿಯಲ್ಲಿ ಕಾಯುತ್ತಿದ್ದರು. ಕಾಯುವ ನೆಂಟರು ಸುಮ್ಮನೆ ಕಾಯುವುದಿಲ್ಲ. ಮಾತಾಡುತ್ತ ಕಾಯುತ್ತಾರೆ.

ರೇಣುಕಾ ಲಿಂಗಸುಗೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಐದು ದಿನ ಡ್ಯೂಟಿ, ಆರನೆಯ ದಿನ ರಜೆ. ಅಮರೇಶ ಸಿಂಧನೂರಿನಲ್ಲಿ ಬಸ್ ಡ್ರೈವರ್. ಮೂರು ದಿನ ಡ್ಯೂಟಿ, ನಾಲ್ಕನೆಯ ದಿನ ರಜೆ. ಎರಡೂ ಊರಿಗೆ ನಡುವೆ ಆಗಲೆಂದು ಮಸ್ಕಿಯಲ್ಲಿ ಮನೆ ಮಾಡಿದ್ದರು. ಮದುವೆಗೆಂದು ಇಬ್ಬರೂ ಇದ್ದಬದ್ದ ರಜೆಯನ್ನೆಲ್ಲ ತೆಗೆದುಕೊಂಡು ಮುಗಿಸಿದ್ದರು. ಇನ್ನು ಉಳಿದದ್ದು ಪಾಳಿಯ ರಜೆ ಮಾತ್ರ. ಆತ ಮನೆಗೆ ಬರುವ ಹೊತ್ತಿಗೆ ಆಕೆ ಹೊರಟಿರುತ್ತಿದ್ದಳು. ಆಕೆ ಬರುವ ಹೊತ್ತಿಗೆ ಆತ ಗೊರಕೆಯಲ್ಲಿ ಇರುತ್ತಿದ್ದ. ಕೆಲವು ದಿನ ಆಕೆ ಮಸ್ಕಿಯಲ್ಲಿ ಹತ್ತುವ ಬಸ್ಸಿಗೆ ಆತನೇ ಡ್ರೈವರ್.

"ಹಂಗಂದ್ರ ದಿನಾ ಕೂಡೇ ಅಡ್ಡಾಡ್ತಾರಲ್ಲ ಮಾವ, ಒಂದೇ ಬಸ್ಸಿನ್ಯಾಗ" ಎಂದು ನಾನು ಒಮ್ಮೆ ಮುಕ್ಕುಂದದ ಸೋದರಮಾವನಿಗೆ ಹೇಳಿ ನೋಡಿದ್ದೆ.

"ಆ ಬಸ್ಸಿನ್ಯಾಗ ಇನ್ನೂ ಅರವತ್ತು ಮಂದಿ ಇರ್ತಾರಲೇ. ಅವ್ರೆಲ್ಲಾ ಆತನ ಹೆಂಡ್ರೇನು?" ಎಂದಿದ್ದ ಮಾವ.

ಇಂಥ ಸ್ಥಿತಿಯಲ್ಲಿ ನಾನು ಲೆಕ್ಕಕ್ಕೆ ಕೈಹಾಕಿದೆ. ಸಿಂಧನೂರಿನಲ್ಲಿ ಪತ್ರಿಕೆಯ ವರದಿಗಾರನಾಗಿರುವ ನನಗೆ ಮನೆಯಲ್ಲಿ ಒಂದು ಗೌರವವಿದೆ. ಬಸ್ಸಿನ ಸಮಯ, ಕಾಲುವೆಗೆ ನೀರು ಬಿಡುವ ದಿನ, ಫಲಿತಾಂಶ ಬರುವ ತಾರೀಖು ಇವೆಲ್ಲ ನನಗೆ ಗೊತ್ತಿರುತ್ತವೆ ಎಂದು ಅವರು ನಂಬಿದ್ದಾರೆ. ನಾಲ್ಕು ಮತ್ತು ಆರು. ನಾಲ್ಕರ ಮಗ್ಗಿಯಲ್ಲಿ ನಾಲ್ಕು, ಎಂಟು, ಹನ್ನೆರಡು. ಆರರ ಮಗ್ಗಿಯಲ್ಲಿ ಆರು, ಹನ್ನೆರಡು. ಎರಡಕ್ಕೂ ಸಾಮಾನ್ಯವಾಗಿ ಮೊದಲು ಸಿಗುವುದು ಹನ್ನೆರಡು. ಆಗಸ್ಟ್ ಒಂದರಂದು ರೇಣುಕಾಳಿಗೆ ರಜೆ ಇತ್ತು. ಅದಕ್ಕೆ ಹನ್ನೆರಡು ಕೂಡಿಸಿದೆ. ಹದಿಮೂರು ಬಂತು. ಅಜ್ಜಿಗೆ ಫೋನ್ ಮಾಡಿ, ಹೋಳಿಗೆಗೆ ಬೇಳೆ ತರಿಸು ಎಂದೆ.

ಈ ಲೆಕ್ಕವನ್ನು ನಾನು ಕಲಿತದ್ದು ಮಸ್ಕಿಯ ಶಾಲೆಯಲ್ಲಿ. ಲಘುತಮ ಸಾಮಾನ್ಯ ಅಪವರ್ತ್ಯ, ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಲಸಾಅ ಮತ್ತು ಮಸಾಅ ಎಂಬ ಎರಡು ಹೆಸರು ಆ ವರ್ಷ ನಮ್ಮ ತರಗತಿಯ ಅರ್ಧ ಜನರ ನಿದ್ದೆ ಕೆಡಿಸಿದ್ದವು. ಲಘುತಮ ಎಂದು ಕರೆಸಿಕೊಂಡದ್ದು ಯಾವಾಗಲೂ ದೊಡ್ಡ ಸಂಖ್ಯೆಯಾಗಿ ಬರುತ್ತಿತ್ತು. ಮಹತ್ತಮ ಎಂದು ಕರೆಸಿಕೊಂಡದ್ದು ಎರಡೋ ಮೂರೋ ಆಗಿ ಮೂಲೆಯಲ್ಲಿ ಕೂರುತ್ತಿತ್ತು. ನಾಲ್ಕು ಮತ್ತು ಆರರ ಲಘುತಮ ಹನ್ನೆರಡು, ಮಹತ್ತಮ ಎರಡು. ಇದು ಹೇಗೆ ಎಂದು ಕೇಳಿದರೆ ಮಾಸ್ತರು, "ನಿಮ್ಮ ಓಣ್ಯಾಗ ಸಣ್ಣಪ್ಪ ಅನ್ನಾವ ಎಷ್ಟು ಎತ್ತರದಾನ?" ಎಂದು ಮರುಪ್ರಶ್ನೆ ಹಾಕುತ್ತಿದ್ದರು. ನಮ್ಮ ಓಣಿಯ ಸಣ್ಣಪ್ಪ ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರವಿದ್ದ. ಅಲ್ಲಿಗೆ ಚರ್ಚೆ ಮುಗಿಯುತ್ತಿತ್ತು.

ಮಹತ್ತಮದ ವಿಷಯದಲ್ಲಿ ನನಗೆ ಒಂದು ಸ್ವಂತ ಅನುಭವವಿದೆ. ಸ್ವಾತಂತ್ರ್ಯ ದಿನದ ಕವಾಯತಿಗೆ ನಮ್ಮ ಶಾಲೆಯಿಂದ ಇಪ್ಪತ್ತನಾಲ್ಕು ಹುಡುಗರು, ಮೂವತ್ತಾರು ಹುಡುಗಿಯರು. ಗಣಿತದ ಮಾಸ್ತರೇ ಕವಾಯತನ್ನೂ ನೋಡಿಕೊಳ್ಳುತ್ತಿದ್ದರು. ಹುಡುಗರ ಸಾಲು ಬೇರೆ, ಹುಡುಗಿಯರ ಸಾಲು ಬೇರೆ. ಎಲ್ಲ ಸಾಲುಗಳೂ ಒಂದೇ ಉದ್ದ ಇರಬೇಕು, ಆದಷ್ಟು ಉದ್ದ ಇರಬೇಕು. ಇಪ್ಪತ್ತನಾಲ್ಕನ್ನೂ ಮೂವತ್ತಾರನ್ನೂ ಶೇಷವಿಲ್ಲದೆ ಭಾಗಿಸುವ ದೊಡ್ಡ ಸಂಖ್ಯೆ ಹನ್ನೆರಡು. ಹುಡುಗರದು ಎರಡು ಸಾಲು, ಹುಡುಗಿಯರದು ಮೂರು. ಒಂದು ವಾರ ಅಭ್ಯಾಸ ಚೆನ್ನಾಗಿ ನಡೆಯಿತು. ಕೊನೆಯ ದಿನ ನನಗೆ ಜ್ವರ ಬಂತು. ಮಾಸ್ತರು ಸೈಕಲ್ ಮೇಲೆ ಮನೆಗೇ ಬಂದರು.

"ಮಾಸ್ತರೆ, ಮೈ ಕೆಂಡ ಆಗ್ಯದ ನೋಡ್ರಿ" ಎಂದಳು ಅವ್ವ.

"ಆಗ್ಲಿ ಬಿಡವ್ವ. ಇವ ಓಡಬ್ಯಾಡ, ಕುಣೀಬ್ಯಾಡ, ಬರೇ ನಿಂತ್ರ ಸಾಕು. ಇಪ್ಪತ್ತಮೂರಕ್ಕೂ ಮೂವತ್ತಾರಕ್ಕೂ ಒಂದರ ಹೊರ್ತು ಸಂಬಂಧನ ಇಲ್ಲ. ಇವ ಬರಲಿಲ್ಲಂದ್ರ ಒಬ್ಬೊಬ್ಬರ ಸಾಲು ಮಾಡಬೇಕಾಗ್ತದ."

ಅವ್ವ ಏನೂ ಅರ್ಥವಾಗದೆ ಒಪ್ಪಿದಳು. ನಾನು ಸ್ವೆಟರ್ ಹಾಕಿಕೊಂಡು ಎರಡನೆಯ ಸಾಲಿನ ಕೊನೆಯಲ್ಲಿ ನಿಂತೆ. ಇಪ್ಪತ್ತಮೂರನ್ನು ಇಪ್ಪತ್ತನಾಲ್ಕು ಮಾಡಿದ್ದು ನಾನು ದೇಶಕ್ಕೆ ಸಲ್ಲಿಸಿದ ಮೊದಲ ಸೇವೆ.

ಮಾಸ್ತರು ಒಳ್ಳೆಯವರು. ಆದರೆ ಪರೀಕ್ಷೆ ಹತ್ತಿರ ಬಂದಾಗ ಒಂದು ಅಡ್ಡದಾರಿ ಹೇಳಿಕೊಟ್ಟರು. ಪುಸ್ತಕದಲ್ಲಿ ಇಂಥ ಲೆಕ್ಕಗಳಿರುತ್ತಿದ್ದವು: ಎರಡು ಗಂಟೆಗಳು ಬೆಳಿಗ್ಗೆ ಒಟ್ಟಿಗೆ ಬಾರಿಸುತ್ತವೆ, ಒಂದು ಇಷ್ಟು ನಿಮಿಷಕ್ಕೊಮ್ಮೆ, ಇನ್ನೊಂದು ಅಷ್ಟು ನಿಮಿಷಕ್ಕೊಮ್ಮೆ, ಮತ್ತೆ ಯಾವಾಗ ಒಟ್ಟಿಗೆ ಬಾರಿಸುತ್ತವೆ? ಮಾಸ್ತರು ಹೇಳಿದ್ದು, "ಮದಲ್ನೇ ಸಾಲು ಓದ್ಕೋತ ಕುಂದ್ರಬ್ಯಾಡ್ರಿ. ಅದು ಕಥಿ. ಎರಡು ಅಂಕಿ ಹುಡುಕ್ರಿ, ಲಸಾಅ ತೆಗೀರಿ, ಮುಂದ ಹೋಗ್ರಿ." ನಾವು ಹಾಗೆಯೇ ಮಾಡಿ ಪಾಸಾದೆವು. ಒಟ್ಟಿಗೆ ಬಾರಿಸುತ್ತವೆ ಎಂಬ ಆ ಮೊದಲ ಸಾಲನ್ನು ಮೂವತ್ತು ವರ್ಷ ನಾನು ಓದಲೇ ಇಲ್ಲ. ಸುದ್ದಿಯ ಮೊದಲ ಸಾಲು ಎಷ್ಟು ಮುಖ್ಯ ಎಂದು ಹೊಸ ಹುಡುಗರಿಗೆ ಪಾಠ ಹೇಳುವವನು ನಾನು.

ರೇಣುಕಾಳಿಗೆ ಆಗಸ್ಟ್ ಒಂದರಂದು ರಜೆ ಇತ್ತು, ನಿಜ. ಅಮರೇಶನಿಗೆ ಆ ದಿನ ಇತ್ತೇ ಎಂದು ನಾನು ಕೇಳಿರಲಿಲ್ಲ. ಆತನ ರಜೆಗಳು ನಾಲ್ಕು, ಎಂಟು, ಹನ್ನೆರಡು. ಹದಿಮೂರಕ್ಕೆ ಹೋಳಿಗೆ ತಟ್ಟಿದಾಗ ಆತನ ರಜೆ ಮುಗಿದು ಒಂದು ದಿನವಾಗಿತ್ತು. ನಾನು ಆತನನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಆತನೂ ಹಿರಿಯರು ಎಲ್ಲ ವಿಚಾರಿಸಿಯೇ ದಿನ ಇಟ್ಟಿರುತ್ತಾರೆ, ಡ್ಯೂಟಿ ಬದಲಾಯಿಸಿಕೊಂಡರಾಯಿತು ಎಂದು ಸುಮ್ಮನಿದ್ದ. ಹಿಂದಿನ ಸಂಜೆ ಬದಲಿ ಡ್ರೈವರ್ ಸಿಗಲಿಲ್ಲ.

ಆ ದಿನ ಊಟದ ಮನೆಯಲ್ಲಿ ಮುಕ್ಕುಂದದ ಮಾವ ಎದ್ದು ನಿಂತ. ಒಳ್ಳೆಯ ಮನುಷ್ಯ. ಆದರೆ ಭತ್ತದ ಗದ್ದೆಯ ದಂಡೆಯಲ್ಲಿ ನಿಂತು ದೂರದವರನ್ನು ಕೂಗಿ ರೂಢಿಯಾದ್ದರಿಂದ ಮನೆಯೊಳಗೂ ಅದೇ ದನಿಯಲ್ಲಿ ಮಾತಾಡುತ್ತಾನೆ.

"ಮೂರು ತಿಂಗಳಾತು. ಜೋಡೀಲೆ ಒಂದು ತುತ್ತು ಉಂಡಿಲ್ಲ. ಮಂದಿ ಏನಂತಾರ ಗೊತ್ತೇನು? ಗಂಡ ಹೆಂಡ್ತಿಗೆ ಹೊಂದಂಗಿಲ್ಲ ಅಂತಾರ. ನನ್ನ ಮಾತು ಕೇಳ್ರಿ, ಆಕಿ ನೌಕರಿ ಬಿಡಸ್ರಿ."

ರೇಣುಕಾ ತಟ್ಟೆಯಿಂದ ತಲೆ ಎತ್ತಿದಳು. "ಯಾಕ ಮಾವ? ಅವರದ್ಯಾಕ ಬಿಡಸ್ಬಾರ್ದು?"

"ಏ, ಗಂಡಸು ನೌಕರಿ ಬಿಡ್ತಾನೇನಬೇ?"

"ನಾನೂ ಅಷ್ಟ ಓದೀನಿ. ನಾಕು ವರ್ಷ ರಾಯಚೂರಿನ್ಯಾಗ ಹಾಸ್ಟೆಲ್ ಅನ್ನ ಉಂಡೀನಿ. ಅದೇನು ಬಿಟ್ಟಿ ಬಂದದ್ದೇನು?"

"ದಸರಾತನ ನೋಡ್ತೀವಿ. ಅಷ್ಟರಾಗ ಸರಿ ಆಗಲಿಲ್ಲಂದ್ರ ಹಿರೇರು ಕೂತು ಮಾತಾಡ್ತೀವಿ" ಎಂದು ಮಾವ ಕೈ ತೊಳೆಯಲು ಹೋದ.

ರೇಣುಕಾ ನನ್ನ ಕಡೆ ನೋಡಿದಳು. ಅಳಲಿಲ್ಲ. ಸಣ್ಣ ದನಿಯಲ್ಲಿ, "ಅಣ್ಣ, ನಿನ್ನ ಹನ್ನೆರಡರ ಲೆಕ್ಕಕ್ಕ ನನ್ನ ನೌಕರಿ ಹೊಂಟೈತಿ ನೋಡು" ಎಂದಳು.

ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಸಂಜೆ ಸಿಂಧನೂರಿಗೆ ಮರಳಿ ಗೋಡೆಯ ಕ್ಯಾಲೆಂಡರ್ ಕೆಳಗಿಳಿಸಿ ಅದೇ ಕೆಲಸಕ್ಕೆ ಕೂತೆ. ರೇಣುಕಾಳ ರಜೆಗೆ ಕೆಂಪು ಸುತ್ತು: ಒಂದು, ಏಳು, ಹದಿಮೂರು, ಹತ್ತೊಂಬತ್ತು, ಇಪ್ಪತ್ತೈದು, ಮೂವತ್ತೊಂದು. ಅಮರೇಶನಿಗೆ ನೀಲಿ: ನಾಲ್ಕು, ಎಂಟು, ಹನ್ನೆರಡು, ಹದಿನಾರು, ಇಪ್ಪತ್ತು, ಇಪ್ಪತ್ತನಾಲ್ಕು, ಇಪ್ಪತ್ತೆಂಟು. ಒಂದೂ ಒಂದರ ಮೇಲೊಂದು ಕೂರಲಿಲ್ಲ. ಪ್ರತಿಸಲವೂ ಒಂದೇ ದಿನದ ಅಂತರ. ಏಳಕ್ಕೆ ಆಕೆ, ಎಂಟಕ್ಕೆ ಆತ. ಹನ್ನೆರಡಕ್ಕೆ ಆತ, ಹದಿಮೂರಕ್ಕೆ ಆಕೆ. ಕೂಡಿ ಬಾಳುವವರು ಹೀಗೆ ಒಬ್ಬರ ಬೆನ್ನಿಗೊಬ್ಬರು ರಜೆ ಹಾಕುವುದನ್ನು ನೋಡಿದರೆ ಮಾವನ ಮಾತೇ ನಿಜವಿರಬಹುದು ಎಂದು ಯಾರಿಗಾದರೂ ಅನ್ನಿಸಬೇಕು.

ಒಂದು ದಿನದ ಅಂತರ ತಾನೇ, ಮುಂದೆ ಎಲ್ಲಾದರೂ ಮುಚ್ಚಿಕೊಳ್ಳುತ್ತದೆ ಎಂದು ನಂಬಿದೆ. ಆಕೆಯವು ಬೆಸ ತಾರೀಖುಗಳು, ಆತನವು ಸರಿ ತಾರೀಖುಗಳು ಎಂಬುದು ಕಣ್ಣಿಗೆ ಬಿತ್ತು. ಆದರೆ ಆಗಸ್ಟ್‌ಗೆ ಮೂವತ್ತೊಂದು ದಿನ. ತಿಂಗಳು ತಿರುಗಿದರೆ ಸರಿ ಬೆಸ ಅದಲುಬದಲಾಗುತ್ತವೆ. ಆಸೆಯಿಂದ ಹಾಳೆ ತಿರುಗಿಸಿದೆ. ಅದಲುಬದಲಾಗಿದ್ದು ನಿಜ. ಆಕೆ ಆರು, ಹನ್ನೆರಡು, ಹದಿನೆಂಟಕ್ಕೆ ಬಂದಳು. ಆತ ಒಂದು, ಐದು, ಒಂಬತ್ತು, ಹದಿಮೂರಕ್ಕೆ ಹೋದ. ಇಬ್ಬರೂ ಒಟ್ಟಿಗೇ ಸರಿ ಬೆಸದ ಮನೆ ಬದಲಿಸಿದ್ದರು.

ಆಗಸ್ಟ್ ಕೊನೆಯ ಭಾನುವಾರ ಸುದ್ದಿಯ ಕೆಲಸದ ಮೇಲೆ ಪಾಮನಕಲ್ಲೂರಿನ ಕಡೆ ಹೋದವನು ಅಜ್ಜಿಯ ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ನಾವು ಅಜ್ಜಿಯನ್ನು ಅಮ್ಮ ಎಂದು ಕರೆಯುತ್ತೇವೆ. ಆಕೆಗೆ ಎಂಬತ್ತರ ಹತ್ತಿರ. ಶಾಲೆಗೆ ಹೋದವಳಲ್ಲ. ಕಟ್ಟೆಯ ಮೇಲೆ ಕೂತು ಪುಂಡಿ ಸೊಪ್ಪು ಸೋಸುತ್ತಿದ್ದಳು.

"ಯಮ್ಮಾ, ಎಷ್ಟು ದಿನ ಮುಂದ ನೋಡಿದ್ರೂ ಇಬ್ಬರ ರಜಾ ಕೂಡವಲ್ವು."

"ಎಷ್ಟೆಷ್ಟು ದಿನಕ್ಕಂದಿ?"

"ಆತಂದು ನಾಕಕ್ಕೊಮ್ಮೆ, ಆಕಿದು ಆರಕ್ಕೊಮ್ಮೆ. ಪುಸ್ತಕದ ಪ್ರಕಾರ ಹನ್ನೆರಡಕ್ಕೊಮ್ಮೆ ಕೂಡಬೇಕು."

"ಶುರು ಯಾವಾಗ?"

"ಆಕಿ ಒಂದಕ್ಕ, ಆತ ನಾಕಕ್ಕ."

ಅಜ್ಜಿ ಸೊಪ್ಪು ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಹಲ್ಲಿಲ್ಲದ ಬಾಯಿ ಮುಚ್ಚಿಕೊಳ್ಳದೆ ನಕ್ಕಳು.

"ಲೇ ಹುಚ್ಚಪ್ಪಾ, ಅಕ್ಕಡಿ ಸಾಲು ಹಾಕಿದ್ದೀಯಲ್ಲೋ ಮಕ್ಳನ್ನ!"

ಅಕ್ಕಡಿ ಎಂದರೆ ಮುಖ್ಯ ಬೆಳೆಯ ನಡುವೆ ಬೇರೆ ಕಾಳಿನ ಸಾಲು ಬಿಡುವುದು. ಪಾಮನಕಲ್ಲೂರಿನ ಒಣ ಹೊಲದಲ್ಲಿ ಅಜ್ಜಿ ನಲವತ್ತು ವರ್ಷ ಬಿತ್ತುವ ಕೂರಿಗೆಯ ಹಿಂದೆ ನಡೆದು ಈ ಸಾಲುಗಳನ್ನು ಬಿಟ್ಟವಳು. ಹೊಲಕ್ಕೆಲ್ಲ ಸಜ್ಜೆ. ನಾಲ್ಕು ಸಾಲಿಗೊಂದು ತೊಗರಿ. ಆರು ಸಾಲಿಗೊಂದು ಪುಂಡಿ. ಇಷ್ಟು ಹೇಳಿ ಅಜ್ಜಿ ಪುಂಡಿಯ ದಂಟುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದಳು.

"ನೋಡು. ತೊಗರಿ ನಾಕನೇ ಸಾಲಿಗೆ ಬಿಟ್ಟೆ. ಪುಂಡಿ ಆರನೇದಕ್ಕ ಬಿಟ್ರ ಹನ್ನೆರಡನೇ ಸಾಲಿನ್ಯಾಗ ಎರಡೂ ಬಂದು ಹೊಡದಾಡ್ತಾವ. ತೊಗರಿ ಪುಂಡೀನ ನುಂಗ್ತದ. ಅದಕ್ಕ ಪುಂಡಿ ಒಂದನೇ ಸಾಲಿಗೇ ಶುರು ಮಾಡ್ತಿದ್ವಿ. ಒಂದು, ಏಳು, ಹದಿಮೂರು. ಹೊಲ ಮುಗದು ಮುಂದಿನವ್ರ ಹೊಲ ಮುಗಿಯೋತನ ಹೋಗು, ಒಂದಕ್ಕೊಂದು ಮುಟ್ಟಂಗಿಲ್ಲ."

"ಯಾಕ ಮುಟ್ಟಂಗಿಲ್ಲ?"

"ಎರಡೂ ಎರಡೆರಡು ಹೆಜ್ಜಿ ಲೆಕ್ಕದಾಗ ನಡೀತಾವಲ್ಲೋ. ನಾಕು ಅಂದ್ರ ಎರಡು ಸಲ ಎರಡು. ಆರು ಅಂದ್ರ ಮೂರು ಸಲ ಎರಡು. ಸರಿ ಸಾಲಿನ್ಯಾಗ ನಿಂತದ್ದು ಸರಿಯಾಗ ಉಳೀತದ, ಬೆಸದಾಗ ನಿಂತದ್ದು ಬೆಸದಾಗ ಉಳೀತದ. ದಾಟಾಕ ಬರಂಗಿಲ್ಲ."

ಆ ಎರಡು ನಾನು ಶಾಲೆಯಲ್ಲಿ ಮೂಲೆಗೆ ತಳ್ಳಿದ್ದ ಮಹತ್ತಮ. ಎರಡು ಸಂಖ್ಯೆಗಳು ಎಷ್ಟು ದಿನಕ್ಕೊಮ್ಮೆ ಕೂಡುತ್ತವೆ ಎನ್ನುವುದನ್ನು ಲಸಾಅ ಹೇಳುತ್ತದೆ. ಕೂಡುತ್ತವೆಯೋ ಇಲ್ಲವೋ ಎನ್ನುವುದನ್ನು ಹೇಳುವುದು ಮಸಾಅ. ಶುರುವಿನ ದಿನಗಳ ನಡುವಿನ ಅಂತರವನ್ನು ಅದು ಶೇಷವಿಲ್ಲದೆ ಭಾಗಿಸಬೇಕು. ಒಂದರಿಂದ ನಾಲ್ಕಕ್ಕೆ ಮೂರು. ಮೂರನ್ನು ಎರಡು ಭಾಗಿಸುವುದಿಲ್ಲ. ಅಲ್ಲಿಗೆ ಮುಗಿಯಿತು. ಫೋನಿನಲ್ಲಿ ಇದನ್ನು ವಿವರಿಸಿದಾಗ ರೇಣುಕಾ ಸ್ವಲ್ಪ ಹೊತ್ತು ಲೆಕ್ಕ ಹಾಕಿ, "ಹಂಗಾರ ನಮ್ಮ ದವಾಖಾನ್ಯಾಗ ಐದು ದಿನಕ್ಕೊಮ್ಮೆ ರಜಾ ಕೊಟ್ಟಿದ್ರ ಯಾವತ್ತು ಶುರು ಆಗಿದ್ರೂ ಕೂಡತಿತ್ತು" ಎಂದಳು. ಸರಿಯಾಗಿತ್ತು. ನಾಲ್ಕು ಮತ್ತು ಐದಕ್ಕೆ ಒಂದನ್ನು ಬಿಟ್ಟರೆ ಬೇರೆ ಸಾಮಾನ್ಯ ಅಪವರ್ತನವಿಲ್ಲ. ಆದರೆ ಆ ಮಾತನ್ನು ಆಸ್ಪತ್ರೆಯವರ ಮುಂದೆ ಹೇಳುವ ಧೈರ್ಯ ಆಕೆಗೂ ಇರಲಿಲ್ಲ, ನನಗೂ ಇರಲಿಲ್ಲ.

"ಈಗ ಏನ್ ಮಾಡೋದಮ್ಮಾ?" ಎಂದು ನಾನು ಅಜ್ಜಿಯನ್ನು ಕೇಳಿದ್ದೆ.

"ಒಂದು ಸಾಲು ಸರಸು. ಯಾವುದರ ಒಂದು. ಒಂದ ಸಾಲು ಸಾಕು."

ಯಾರದು ಸರಿಸುವುದು? ಮಾವನನ್ನು ಕೇಳಿದ್ದರೆ ರೇಣುಕಾಳದು ಎನ್ನುತ್ತಿದ್ದ. ನಾನು ಕೇಳಲಿಲ್ಲ. ಅಮರೇಶನಿಗೇ ಫೋನ್ ಮಾಡಿದೆ. ಆತ ಕಡಿಮೆ ಮಾತಿನ ಮನುಷ್ಯ. ಹಾರ್ನ್ ಕೂಡ ಕಡಿಮೆ ಹೊಡೆಯುತ್ತಾನೆ ಎಂದು ಪ್ರಯಾಣಿಕರ ದೂರಿದೆ.

"ಹಂಗಂದ್ರ ನಾ ಖಾಯಂ ಒಂದು ದಿನ ಮುಂದಕ್ಕ ಹೋದ್ರ ಆತಲ್ರಿ ಅಣ್ಣಾರ?"

"ಆತಪ್ಪ. ಅಷ್ಟ."

"ಇಷ್ಟಕ್ಕ ಮೂರು ತಿಂಗಳು ಬೈಸ್ಕೊಂಡೆನಲ್ರಿ!"

ಡ್ರೈವರ್‌ಗಳದು ನಾಲ್ಕು ತಂಡ. ಒಂದೊಂದು ತಂಡಕ್ಕೆ ಒಂದೊಂದು ದಿನ ರಜೆ. ಅಮರೇಶ ಮುಂದಿನ ತಂಡಕ್ಕೆ ಹೋಗಬೇಕೆಂದರೆ ಆ ತಂಡದಿಂದ ಒಬ್ಬರು ಇವನ ಜಾಗಕ್ಕೆ ಬರಬೇಕು. ಕಾರಣವಿಲ್ಲದೆ ರಜೆಯ ದಿನ ಯಾರು ಬಿಟ್ಟುಕೊಡುತ್ತಾರೆ? ಎರಡು ದಿನ ಆತ ಕೇಳುತ್ತ ಅಡ್ಡಾಡಿದ. ಒಬ್ಬ, ಹೆಂಡತಿಯನ್ನು ಕೇಳಿ ಹೇಳುತ್ತೇನೆ ಎಂದ. ಇನ್ನೊಬ್ಬ, "ಹೆಂಡ್ತಿ ಕೂಡ ಊಟಕ್ಕೂ ಡ್ಯೂಟಿ ಚೇಂಜೇನಲೇ?" ಎಂದು ನಗಾಡಿದ. ಮೂರನೆಯವನು ಗೊರೇಬಾಳದ ಹನುಮೇಶ. ಕಾಲುವೆಯ ಕೆಳಗೆ ಆತನಿಗೆ ಭತ್ತದ ಗದ್ದೆ ಇದೆ. ಗದ್ದೆಗೆ ನೀರಿನ ಸರದಿ ಎಂಟು ದಿನಕ್ಕೊಮ್ಮೆ. ಸೆಪ್ಟೆಂಬರ್‌ನಲ್ಲಿ ಐದು, ಹದಿಮೂರು, ಇಪ್ಪತ್ತೊಂದು. ಆತನ ರಜೆ ಎರಡು, ಆರು, ಹತ್ತು, ಹದಿನಾಲ್ಕು. ನೀರು ಬಂದ ಮರುದಿನ ರಜೆ. ಎಂಟು ನಾಲ್ಕರ ಮಗ್ಗಿಯಲ್ಲೇ ಇರುವುದರಿಂದ ಆತನ ಕಥೆಯೂ ಎಂದಿಗೂ ಸರಿಹೋಗುವಂಥದ್ದಲ್ಲ. ಪ್ರತಿಸಲ ತಮ್ಮನ ಕೈಕಾಲು ಹಿಡಿದು ಗದ್ದೆಗೆ ಕಳಿಸುತ್ತಿದ್ದ.

ಅಮರೇಶನ ದಿನಗಳನ್ನು ಕೇಳಿದ ಹನುಮೇಶ ಬೆರಳು ಮಡಚಿ ಎಣಿಸಿದನಂತೆ. ಐದು ಬಂತು. ಹದಿಮೂರೂ ಬಂತು. ಇಪ್ಪತ್ತೊಂದಕ್ಕೆ ಬರುವಷ್ಟರಲ್ಲಿ, "ಯಪ್ಪಾ, ಅರ್ಜಿ ಎಲ್ಲಿ ಕೊಡಬೇಕು ಹೇಳು, ನಾನ ಬರೀತೀನಿ" ಎಂದನಂತೆ. ಇಬ್ಬರ ಅರ್ಜಿಯೂ ಒಂದೇ ಹಾಳೆಯಲ್ಲಿ ಹೋಯಿತು. ಮಂಜೂರಾಯಿತು.

ಸೆಪ್ಟೆಂಬರ್ ಒಂದರ ರಜೆ ಮುಗಿಸಿದ ಅಮರೇಶ ಎರಡರಿಂದ ಐದರವರೆಗೆ ನಾಲ್ಕು ದಿನ ಸತತ ಬಸ್ಸು ಓಡಿಸಿದ. ರೇಣುಕಾಳಿಗೆ ಐದರಂದು ರಾತ್ರಿ ಪಾಳಿ ಬಿದ್ದಿತ್ತು. ಆರರ ಬೆಳಿಗ್ಗೆ ಆಸ್ಪತ್ರೆಯಿಂದ ನೇರ ಬಸ್ಸು ಹತ್ತಿ ಮಸ್ಕಿಗೆ ಬಂದಳು. ಅಲ್ಲಿಂದ ಇಬ್ಬರೂ ಬೈಕಿನಲ್ಲಿ ಪಾಮನಕಲ್ಲೂರಿಗೆ ಬಂದರು. ಹತ್ತೂವರೆಗೆ ಅಕ್ಕಪಕ್ಕ ಕೂತು ಉಂಡರು. ಅಜ್ಜಿ ರೇಣುಕಾಳ ಉಡಿ ತುಂಬಿದಳು. ಹನ್ನೊಂದೂವರೆಯ ಹೊತ್ತಿಗೆ ಒಳಮನೆಯಲ್ಲಿ ಕೌದಿಯ ಮೇಲೆ ಇಬ್ಬರೂ ನಿದ್ದೆ ಹೋಗಿದ್ದರು.

ಜೋಡಿ ಬಂದಿದೆ ಎಂದು ತಿಳಿದು ಓಣಿಯ ಹೆಂಗಸರು ನೋಡಲು ಬಂದರು. ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಳು. "ಮಕ್ಕೊಂಡಾರ. ಆಮ್ಯಾಲ ಬರ್ರಿ" ಎಂದು ಎಲ್ಲರನ್ನೂ ಕಳಿಸಿದಳು. ಒಂದು ಗಂಟೆಗೆ ಮುಕ್ಕುಂದದ ಮಾವ ಬಂದ.

"ಎಲ್ಲಿ ಅದಾರ?" ಎಂದ, ತನ್ನ ಗದ್ದೆಯ ದನಿಯಲ್ಲಿ.

"ಸಾವಕಾಶ. ನಾಕು ದಿನ ಬಸ್ಸು ಹೊಡದಾನ ಅಂವ. ಆಕಿ ರಾತ್ರೆಲ್ಲಾ ಕಣ್ಣು ಮುಚ್ಚಿಲ್ಲ."

ಮಾವ ಬಾಗಿಲಿನಿಂದ ಇಣುಕಿದ. ಅಮರೇಶ ಅಂಗಾತ ಮಲಗಿ ಬಾಯಿ ತೆರೆದಿದ್ದ. ರೇಣುಕಾ ಆತನ ತೋಳಿನ ಮೇಲೆ ತಲೆ ಇಟ್ಟಿದ್ದಳು. ಕೈಗಡಿಯಾರ ಕೂಡ ಬಿಚ್ಚಿರಲಿಲ್ಲ. ಮಾವ ಹಿಂದೆ ಸರಿದು ಕಟ್ಟೆಯ ಮೇಲೆ ಕೂತ.

"ಯಾವಾಗ ಏಳ್ತಾರ?"

"ನೀ ನೌಕರಿ ಬಿಡಸೋ ಮಾತು ತೆಗೀಯಾಕ ಬಂದಿದ್ರ ಇವತ್ತು ಏಳಂಗಿಲ್ಲ" ಎಂದಳು ಅಜ್ಜಿ.

ಮಾವ ಚಹಾ ಕುಡಿದ. ಆಮೇಲೆ ಪಕ್ಕದಲ್ಲೇ ಕೂತಿದ್ದ ನನ್ನ ಕಡೆ ಬಾಗಿ, ನಾನು ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ ಕೇಳಿದ.

"ಮುಂದ ಯಾವತ್ತು ಕೂಡತದ ಇವರ ರಜಾ?"

"ಹದಿನೆಂಟಕ್ಕ."

"ಈ ಸಲ ಖರೇ ಏನು?"

"ಇಬ್ಬರನ್ನೂ ಕೇಳಿ ಹೇಳಾಕತ್ತೀನಿ ಮಾವ."

"ಹಂಗಾರ ಹದಿನೆಂಟಕ್ಕ ನಮ್ಮನಿಗೆ ಊಟಕ್ಕ ಬರಾಕ ಹೇಳು" ಎಂದು ಮಾವ ಚಪ್ಪಲಿ ಮೆಟ್ಟಿಕೊಂಡ.

ಸೆಪ್ಟೆಂಬರ್ 18ರಂದು ಅಮರೇಶ ಮತ್ತು ರೇಣುಕಾ ಮುಕ್ಕುಂದಕ್ಕೆ ಹೋಗಿ ಊಟ ಮಾಡಿ ಸಂಜೆ ಮಸ್ಕಿಗೆ ಮರಳಿದರು. 19ರ ಬೆಳಿಗ್ಗೆ ಎಂಟು ಗಂಟೆಗೆ ರೇಣುಕಾ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಡ್ಯೂಟಿಗೆ ಹಾಜರಾದಳು.